ಬಂಧವೂ ಉಂಗುರವೂ

ಚಾತುರ್ಮಾಸ ಮುಗಿದು ಮುನಿಗಳು ವಿಹಾರಕ್ಕೆ ಹೊರಡುವ ವೇಳೆಗೆ ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆಯ ಕೋಡಿಯಕ್ಕರೈ ಕಡಲತೀರದಲ್ಲಿ ವಲಸೆ ಹಕ್ಕಿಗಳು ನೆರೆದಿರುತ್ತವೆ. ಉತ್ತರಧ್ರುವದ ಸಮೀಪದ ಬಯಲುಗಳಲ್ಲಿ ಮರಿಮಾಡಿ ಬರುವ ಲಿಟಲ್ ಸ್ಟಿಂಟ್ ಎಂಬ ಹಕ್ಕಿಯ ತೂಕ ಸುಮಾರು 25 ಗ್ರಾಂ ಅಷ್ಟೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಇಂತಹ ಹಕ್ಕಿಗಳನ್ನು ಹಿಡಿದು, ಅಳೆದು, ತೂಗಿ, ಸಂಖ್ಯೆ ಕೆತ್ತಿದ ಹಗುರವಾದ ಉಂಗುರವನ್ನು ಕಾಲಿಗೆ ತೊಡಿಸಿ ಹಾರಿಬಿಡುತ್ತಾರೆ. ಸಲೀಂ ಅಲಿಯವರ ನೇತೃತ್ವದಲ್ಲಿ 1959ರಲ್ಲಿ ಆರಂಭವಾದ ಅಧ್ಯಯನದ ಪರಂಪರೆಯಿದು. ಉಂಗುರದ ಹಕ್ಕಿ ಬೇರೊಂದು ನಾಡಿನಲ್ಲಿ ಸಿಕ್ಕಾಗ ಅದರ ಹಾದಿ ತಿಳಿಯುತ್ತದೆ. ಯಾವ ಜೌಗು, ಯಾವ ತೀರ ಉಳಿಯಬೇಕೆಂಬುದೂ ತಿಳಿಯುತ್ತದೆ.

ಹಾಗಿದ್ದರೂ ಶ್ರಾವಕನಿಗೆ ಸಂದೇಹ ಬಾರದಿರದು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಹೊಡೆಯುವುದು ಕೂಡ ಅನಂತರದ್ದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಬಂಧವನ್ನು ವಿವರಿಸುವಾಗ, ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದನ್ನೇ ಅದರ ಲಕ್ಷಣವಾಗಿ ಹಿಡಿದಿದ್ದಾರೆ. ಸಾವಿರಾರು ಮೈಲಿ ಹಾರಿಬಂದ ಹಕ್ಕಿಯ ವಿಷಯದಲ್ಲಿ ಈ ಮಾತಿಗೆ ಎಷ್ಟು ತೂಕ!

ಬಲೆಯಲ್ಲಿರುವಷ್ಟು ಹೊತ್ತು ಅದು ಬಂಧವೇ. ಹಕ್ಕಿಯ ಭಯವನ್ನು ವಿಜ್ಞಾನದ ಹೆಸರಿನಲ್ಲಿ ಇಲ್ಲವೆನ್ನಲಾಗದು. ನೋಡಲು ತಡವಾದರೆ ಬಿಸಿಲಿಗೆ ಜೀವ ಹೋದೀತು. ಉಂಗುರದ ಅಳತೆ ತಪ್ಪಿದರೆ ಕಾಲಿಗೆ ಗಾಯವಾದೀತು. ಆದ್ದರಿಂದಲೇ ಬಲ್ಲವರು ಬಲೆಯನ್ನು ಪದೇ ಪದೇ ನೋಡುತ್ತಾರೆ, ಮಳೆ ಬಂದರೆ ಮುಚ್ಚುತ್ತಾರೆ, ಕಾಲಿನ ಗಾತ್ರಕ್ಕೆ ತಕ್ಕ ಉಂಗುರವನ್ನೇ ಆರಿಸುತ್ತಾರೆ. ನೋಡಿ ಎತ್ತಿಕೊಳ್ಳುವ, ನೋಡಿ ಇಡುವ ಮುನಿಗಳ ಆದಾನನಿಕ್ಷೇಪಣ ಸಮಿತಿಯನ್ನು ಇದು ನೆನಪಿಸುತ್ತದೆ. ದೋಷ ಪೂರ್ತಿ ತೊಳೆದುಹೋಗದು; ಆದರೆ ಪ್ರಮಾದವಿಲ್ಲದೆಡೆ ಅದು ಬಲು ತೆಳು.

ಇದೇ ಅಳತೆಗೋಲನ್ನು ಶ್ರಾವಕರ ಮನೆಬಾಗಿಲಿಗೂ ತರಬೇಕಾಗುತ್ತದೆ. ಪರ್ವದ ದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಡುವುದನ್ನು ಕೆಲವರು ಜೀವದಯೆಯೆಂದು ಆಚರಿಸುತ್ತಾರೆ. ಕೊಳ್ಳುವವರಿದ್ದಾರೆಂದು ಬಲ್ಲ ಬೇಟೆಗಾರ ಪರ್ವಕ್ಕೆ ಮೊದಲೇ ಬಲೆ ಹಾಸುತ್ತಾನೆ. ಆ ಬಂಧ ಯಾರ ಲೆಕ್ಕಕ್ಕೆ? ಇಕ್ಕಟ್ಟಿನಲ್ಲಿ ಸೊರಗಿದ ಹಕ್ಕಿ ಗುರುತಿಲ್ಲದ ಊರಿನಲ್ಲಿ ಎಲ್ಲಿ ನೀರು ಹುಡುಕೀತು? ಹಣ ತೆತ್ತವರು ಅಷ್ಟರಲ್ಲಿ ಮನೆಗೆ ಮರಳಿರುತ್ತಾರೆ.

ಸೊಸೈಟಿಗೆ ಹಕ್ಕಿ ಹಿಡಿದುಕೊಟ್ಟವರಲ್ಲಿ ಬಿಹಾರದ ಮೀರ್‌ಶಿಕಾರ್ ಸಮುದಾಯದವರೂ ಇದ್ದರು. ತಲೆಮಾರುಗಳಿಂದ ಹಕ್ಕಿ ಹಿಡಿಯುವುದೇ ಅವರ ಕಸುಬು. ಆ ಕೈಚಳಕವೇ ಇಲ್ಲಿ ಗರಿಯೊಂದೂ ಮುರಿಯದಂತೆ ಹಿಡಿಯಲು ಒದಗಿತು. ಅವರ ಕೂಲಿಗಾಗಿ ಹಕ್ಕಿ ಪಂಜರದಲ್ಲಿ ಉಳಿಯಬೇಕಾಗಿರಲಿಲ್ಲ.