ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು

ಪಿ.ಯು.ಸಿ. ಮುಗಿದಿದೆ. ಹದಿನೆಂಟು ತುಂಬಿ ಲೈಸೆನ್ಸೂ ಕೈಗೆ ಬಂದಿದೆ. ಮಗ ಬೈಕಿನ ಕೀಲಿ ಎತ್ತಿಕೊಂಡು ಹೊರಟಾಗ ಅಪ್ಪ ಬಾಗಿಲವರೆಗೂ ಬಂದು, ‘ನಿಧಾನವಾಗಿ ಹೋಗೋ’ ಎನ್ನುತ್ತಾರೆ. ‘ಬ್ರೇಕು ಚೆನ್ನಾಗಿದೆ ಬಿಡಪ್ಪಾ’ ಎನ್ನುತ್ತಾನೆ ಮಗ. ಎಷ್ಟೋ ಮನೆಗಳಲ್ಲಿ ದಿನವೂ ನಡೆಯುವ ಮಾತು ಇದು. ಇಬ್ಬರಲ್ಲಿ ಯಾರು ಸರಿ? ಉತ್ತರ ಇರುವುದು ಮಗ ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತ ಒಂದು ನಿಯಮದಲ್ಲಿ. ಅದೇ ಕೆಲಸ–ಶಕ್ತಿ ಪ್ರಮೇಯ.

ಭೌತವಿಜ್ಞಾನದಲ್ಲಿ ‘ಕೆಲಸ’ ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಅಕ್ಕಿಮೂಟೆ ಹೊತ್ತು ಒಂದು ಗಂಟೆ ಅಲುಗದೆ ನಿಂತವನ ಕುತ್ತಿಗೆ ನೋಯುವುದು ನಿಜ. ಆದರೆ ಮೂಟೆ ಸರಿಯಲಿಲ್ಲವಾದ್ದರಿಂದ ಅದರ ಮೇಲೆ ನಡೆದ ಕೆಲಸ ಸೊನ್ನೆ! ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ. ಬಲವು ಚಲನೆಗೆ ಎದುರಾಗಿದ್ದರೆ ಕೆಲಸ ಋಣಾತ್ಮಕ. ಓಡುವ ವಸ್ತುವಿಗೆ ಓಟದಿಂದಲೇ ಬರುವ ಶಕ್ತಿ ಚಲನಶಕ್ತಿ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದು ಸಿಗುತ್ತದೆ. ವಸ್ತುವಿನ ಮೇಲೆ ಎಲ್ಲ ಬಲಗಳೂ ಸೇರಿ ಮಾಡಿದ ಒಟ್ಟು ಕೆಲಸವು ಅದರ ಚಲನಶಕ್ತಿಯಲ್ಲಾದ ಬದಲಾವಣೆಗೆ ಸಮ. ಪ್ರಮೇಯ ಇಷ್ಟೇ.

ಒಂದೇ ವೇಗದಲ್ಲಿ ಸಾಗುವ ಬೈಕಿನ ಎಂಜಿನ್ ಕೆಲಸ ಮಾಡುತ್ತಲೇ ಇರುತ್ತದಲ್ಲ, ವೇಗ ಏಕೆ ಹೆಚ್ಚುವುದಿಲ್ಲ ಎಂದು ಕೆಲವರು ಕೇಳಬಹುದು. ಗಾಳಿಯ ತಡೆ ಮತ್ತು ಘರ್ಷಣೆ ಅಷ್ಟೇ ಪ್ರಮಾಣದ ಋಣಾತ್ಮಕ ಕೆಲಸ ಮಾಡುತ್ತಿರುತ್ತವೆ. ಕೂಡಿ ಕಳೆದರೆ ಸೊನ್ನೆ. ಆದ್ದರಿಂದ ವೇಗವೂ ಬದಲಾಗದು.

ವೇಗದ ವರ್ಗವೇ ಏಕೆ, ಬರೀ ವೇಗ ಏಕಲ್ಲ? ಈ ಪ್ರಶ್ನೆಗೆ ಯೂರೋಪಿನ ಪಂಡಿತರು ದಶಕಗಟ್ಟಲೆ ಕಚ್ಚಾಡಿದರು. ವರ್ಗವೇ ಸರಿ ಎಂದು ಜರ್ಮನಿಯ ಲೈಬ್ನಿಟ್ಸ್ 1686ರಲ್ಲಿ ವಾದ ಹೂಡಿದ. ಹಾಲೆಂಡಿನ ವಿಲ್ಲೆಮ್ ಸ್‌ಗ್ರಾವೆಸಾಂಡೆ 1722ರ ಸುಮಾರಿಗೆ ಹಿತ್ತಾಳೆಯ ಗುಂಡುಗಳನ್ನು ಬೇರೆಬೇರೆ ಎತ್ತರದಿಂದ ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಬಿದ್ದ ಗುಳಿಗಳನ್ನು ಅಳೆದ. ಗುಳಿಗಳು ವೇಗದ ವರ್ಗದ ಲೆಕ್ಕವನ್ನೇ ಒಪ್ಪಿದವು. ಫ್ರಾನ್ಸಿನ ಎಮಿಲಿ ದು ಷಾತೆಲೆ 1740ರ ತನ್ನ ಗ್ರಂಥದಲ್ಲಿ ಈ ಪಕ್ಷವನ್ನು ಗಟ್ಟಿಯಾಗಿ ಎತ್ತಿಹಿಡಿದಳು. 1829ರಲ್ಲಿ ಫ್ರಾನ್ಸಿನವನೇ ಆದ ಕೊರಿಯೋಲಿಸ್ ‘ಕೆಲಸ’ ಎಂಬ ಪದಕ್ಕೆ ಇಂದಿನ ಅರ್ಥ ಕೊಟ್ಟು, ಸೂತ್ರದಲ್ಲಿ ಆ ‘ಅರ್ಧ’ವನ್ನು ಸೇರಿಸಿದ.

ಈಗ ಬೈಕಿಗೆ ಬರೋಣ. ಬೈಕೂ ಸವಾರನೂ ಸೇರಿ 200 ಕಿಲೋಗ್ರಾಂ, ಬ್ರೇಕು ಹಿಡಿದಾಗ ರಸ್ತೆ ಒಡ್ಡುವ ತಡೆ 1,000 ನ್ಯೂಟನ್ ಎಂದಿಟ್ಟುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಆಗ ಚಲನಶಕ್ತಿ 10,000 ಜೂಲ್. ಅದಷ್ಟನ್ನೂ ಕಳೆಯಲು 10 ಮೀಟರ್ ಸಾಕು. ವೇಗ 72 ಕಿಲೋಮೀಟರ್ ಆದರೆ? ಶಕ್ತಿ 40,000 ಜೂಲ್, ಬೇಕಾದ ದೂರ 40 ಮೀಟರ್. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಮಳೆಯಲ್ಲಿ ನೆನೆದ ರಸ್ತೆಯ ತಡೆ ಅರ್ಧಕ್ಕಿಳಿದರೆ ಈ ದೂರ ಮತ್ತೆ ಇಮ್ಮಡಿ.

ಇಷ್ಟೇ ಅಲ್ಲ. ಕಣ್ಣು ಕಂಡು, ಕಾಲು ಬ್ರೇಕು ಒತ್ತುವ ಹೊತ್ತಿಗೆ ಒಂದು ಸೆಕೆಂಡ್ ಕಳೆಯಿತು ಎನ್ನೋಣ. ರಸ್ತೆಯಲ್ಲಿ 20 ಮೀಟರ್ ಮುಂದೆ ಮಗುವೊಂದು ಚೆಂಡಿನ ಹಿಂದೆ ಓಡಿಬರುತ್ತದೆ. 36ರ ವೇಗದವನು ಆ ಸೆಕೆಂಡಿನಲ್ಲಿ 10 ಮೀಟರ್ ಸಾಗಿ, ಇನ್ನು 10 ಮೀಟರಿನಲ್ಲಿ ನಿಲ್ಲುತ್ತಾನೆ; ಮಗು ಉಳಿಯಿತು. 54ರ ವೇಗದವನು ಆ ಸೆಕೆಂಡಿನಲ್ಲೇ 15 ಮೀಟರ್ ಸಾಗಿರುತ್ತಾನೆ. ಉಳಿದ 5 ಮೀಟರಿನಲ್ಲಿ ಬ್ರೇಕು ಕಳೆಯುವುದು 5,000 ಜೂಲ್ ಮಾತ್ರ. ಅವನಲ್ಲಿದ್ದುದು 22,500. ಮಿಕ್ಕ 17,500 ಜೂಲ್ ಎಂದರೆ ಗಂಟೆಗೆ ಸುಮಾರು 48 ಕಿಲೋಮೀಟರ್! ಬ್ರೇಕು ಹಿಡಿದೂ ಅವನು ಆ ವೇಗದಲ್ಲೇ ಮಗುವಿನ ಬಳಿ ಬಂದಿರುತ್ತಾನೆ. ಬ್ರೇಕು ಚೆನ್ನಾಗಿಯೇ ಇತ್ತು. ಅದಕ್ಕೆ ಬೇಕಾದ ದೂರವನ್ನು ಸವಾರ ಉಳಿಸಿರಲಿಲ್ಲ.

ಹೆಲ್ಮೆಟ್ಟಿನ ಗುಟ್ಟೂ ಇದೇ. ಬಿದ್ದಾಗ ತಲೆಯ ಚಲನಶಕ್ತಿ ಹೇಗೂ ಸೊನ್ನೆಯಾಗಲೇಬೇಕು. ಒಳಗಿನ ಥರ್ಮೋಕೋಲಿನಂಥ ಪದರ ಕುಗ್ಗುತ್ತ ತಲೆ ನಿಲ್ಲುವ ದೂರವನ್ನು ಹಿಗ್ಗಿಸುತ್ತದೆ. ದೂರ ಹೆಚ್ಚಿದಷ್ಟೂ ತಲೆಬುರುಡೆಯ ಮೇಲಿನ ಬಲ ತಗ್ಗುತ್ತದೆ. ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ಹೋದರೆ ಈ ಲಾಭವಿಲ್ಲ.

ನಂಬಿಕೆ ಬಾರದಿದ್ದರೆ ತಂದೆಮಕ್ಕಳು ಮನೆಯಲ್ಲೇ ನೋಡಬಹುದು. ಉದ್ದನೆಯ ಅಳತೆಪಟ್ಟಿಯ ಒಂದು ತುದಿಯನ್ನು ಪುಸ್ತಕಗಳ ಮೇಲಿಟ್ಟು ಇಳಿಜಾರು ಮಾಡಿ. ಅದರ ಬುಡದಲ್ಲಿ, ಒಂದು ಬದಿ ತೆರೆದ ಖಾಲಿ ಬೆಂಕಿಪೊಟ್ಟಣ ಇಡಿ. 5 ಸೆಂಟಿಮೀಟರ್ ಎತ್ತರದಿಂದ ಗೋಲಿ ಉರುಳಿಸಿ, ಪೊಟ್ಟಣ ಸರಿದ ದೂರ ಅಳೆಯಿರಿ. ಬಳಿಕ 20 ಸೆಂಟಿಮೀಟರ್ ಎತ್ತರದಿಂದ ಉರುಳಿಸಿ. ಗೋಲಿಯ ವೇಗ ಇಮ್ಮಡಿಯಾಗುತ್ತದೆ. ಪೊಟ್ಟಣ ಸುಮಾರು ನಾಲ್ಕು ಪಟ್ಟು ದೂರ ಸರಿಯುತ್ತದೆ. ಅಳತೆ ಮುಗಿದ ಮೇಲೆ ಬೈಕಿನ ಕೀಲಿಯನ್ನು ಮಗನ ಕೈಗೆ ಕೊಡಬಹುದು.