ಗುತ್ತಿಗೆ ಮುಗಿದರೆ ಸೇವೆಯೂ ಅಳಿಯಬೇಕೆ?

ನಮ್ಮ ಅಣ್ಣಾ ನಗರ್ ಚೆನ್ನೈ ಮಹಾನಗರಪಾಲಿಕೆಯ ಎಂಟನೆಯ ವಲಯ. ಇದೇ ಪಾಲಿಕೆಯ ರಾಯಪುರಂ ಹಾಗೂ ತಿರು ವಿ.ಕ. ನಗರ್ ವಲಯಗಳ ಪೌರಕಾರ್ಮಿಕರು 2025ರ ಆಗಸ್ಟ್ 1ರಿಂದ ರಿಪ್ಪನ್ ಕಟ್ಟಡದ ಮುಂದೆ ಹಗಲಿರುಳು ಕುಳಿತಿದ್ದುದನ್ನೂ, 13ರ ನಡುರಾತ್ರಿ ಪೊಲೀಸರು ಅವರನ್ನು ಎಬ್ಬಿಸಿದುದನ್ನೂ ಓದುಗರು ಮರೆತಿರಲಾರರು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಹೆಸರಿನಲ್ಲಿ, ಸ್ವಸಹಾಯ ಸಂಘಗಳ ಮೂಲಕ ವರ್ಷಗಟ್ಟಲೆ ದುಡಿದವರು ಅವರು. ಪಾಲಿಕೆ ಆ ಏರ್ಪಾಡನ್ನು ಕೈಬಿಟ್ಟು ಕೆಲಸವನ್ನು ಖಾಸಗಿ ಸಂಸ್ಥೆಗೆ ಒಪ್ಪಿಸಿತು. ಬೀದಿ ಅದೇ, ಪೊರಕೆ ಅದೇ, ಗುಡಿಸುವ ಕೈಯೂ ಅದೇ; ಹಳೆಯ ಸೇವೆ ಮಾತ್ರ ಲೆಕ್ಕಕ್ಕಿಲ್ಲ, ಕೂಲಿಯೂ ಇಳಿಯುತ್ತದೆ ಎಂಬುದು ಅವರ ಅಳಲು. ಮದ್ರಾಸ್ ಉಚ್ಚ ನ್ಯಾಯಾಲಯವು ಖಾಸಗೀಕರಣವನ್ನು ರದ್ದುಗೊಳಿಸಲಿಲ್ಲ. ಕೊನೆಯ ಬಾರಿ ಪಡೆದ ವೇತನಕ್ಕೆ ಕುಂದು ಬಾರದಿರಲೆಂದಷ್ಟೆ ಸೂಚಿಸಿತು.

ಈ ಪ್ರಶ್ನೆ ಹೊಸದಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯಿದೆ ಕೆಲವು ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ನಿಷೇಧವಾದೊಡನೆ ದುಡಿಯುತ್ತಿದ್ದವರು ಏನಾಗಬೇಕು? ಅವರು ಮೂಲ ಮಾಲೀಕನ ನೌಕರರೇ ಆಗುತ್ತಾರೆಂದು ಏರ್ ಇಂಡಿಯಾ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2001ರ ಆಗಸ್ಟ್ 30ರಂದು ಭಾರತೀಯ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸಂವಿಧಾನ ಪೀಠ ಅದನ್ನು ತಳ್ಳಿಹಾಕಿತು. ಗುತ್ತಿಗೆ ಬರಿಯ ಕಣ್ಕಟ್ಟೆಂದು ರುಜುವಾತಾದರೆ ಮಾತ್ರ ಆ ಹಕ್ಕು. ರುಜುವಾತುಪಡಿಸುವ ಹೊರೆ ಯಾರ ಮೇಲೆ? ದಿನಗೂಲಿಯವನ ಮೇಲೆ!

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸ ಕಳೆದುಕೊಂಡವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು. ಗುತ್ತಿಗೆದಾರ ಕೈಯೆತ್ತಿದರೆ ಮೂಲ ಮಾಲೀಕನೇ ಕೊಡಬೇಕು. ಇವು ಸ್ವಾಗತಾರ್ಹ. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ದೊರೆಯುತ್ತದೆ. ಉಳಿದವರಿಗೆ ಸಾಮಾನ್ಯವಾಗಿ ಐದು ವರ್ಷದ ಅಖಂಡ ಸೇವೆ ಬೇಕು. ಎರಡು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾದರೆ, ಹೊಸಬ ಹಳೆಯ ಸೇವೆಯನ್ನು ಒಪ್ಪದಿದ್ದರೆ, ಆ ಐದು ತುಂಬುವುದೆಂದು? ಗುಡಿಸುವ ಕೆಲಸ ಸಂಸ್ಥೆಯ ಮುಖ್ಯ ಚಟುವಟಿಕೆಯಲ್ಲವೆಂದೂ ಸಂಹಿತೆ ಸಾಮಾನ್ಯವಾಗಿ ಎಣಿಸುತ್ತದೆ. ಕಾರ್ಖಾನೆಗೆ ಅದು ಸರಿಯಿರಬಹುದು. ಆದರೆ ನಗರಪಾಲಿಕೆಗೆ ಊರನ್ನು ಶುಚಿಯಾಗಿಡುವುದಕ್ಕಿಂತ ಮುಖ್ಯವಾದ ಕೆಲಸ ಯಾವುದು?

ದಾರಿಯೇ ಇಲ್ಲವೆನ್ನುವಂತಿಲ್ಲ. ಗುತ್ತಿಗೆದಾರರ ಹಿಡಿತದಲ್ಲಿದ್ದ ಬೆಂಗಳೂರಿನ ಪೌರಕಾರ್ಮಿಕರು ಮೊದಲು ಪಾಲಿಕೆಯಿಂದಲೇ ನೇರ ವೇತನ ಪಡೆದರು. 2022ರಲ್ಲಿ ಮುಷ್ಕರ ಹೂಡಿದರು. 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕಾತಿ ಪತ್ರ ದೊರೆಯಿತು. ಹೊರನಾಡಿನಲ್ಲಿ ನಾವು ನಮ್ಮ ನಾಡಿನ ಬಗೆಗೆ ಅಭಿಮಾನದಿಂದ ಹೇಳಿಕೊಳ್ಳಬಹುದಾದ ಸಂಗತಿಯಿದು.

ಎಲ್ಲರನ್ನೂ ಕಾಯಂ ಮಾಡಲು ಬೊಕ್ಕಸ ಸಾಲದೆಂಬ ವಾದವನ್ನು ಸರ್ಕಾರಿ ಅಧಿಕಾರಿಯಾದ ನಾನು ಬಲ್ಲೆ, ಅದರಲ್ಲಿ ತಥ್ಯವಿಲ್ಲದಿಲ್ಲ. ಆದರೆ ಗುತ್ತಿಗೆದಾರ ಬದಲಾದಾಗ ಹಳಬರನ್ನೇ ಮುಂದುವರಿಸಬೇಕು, ಅವರ ಹಿಂದಿನ ಸೇವೆಯನ್ನು ಎಣಿಸಬೇಕು, ಕೂಲಿಯನ್ನು ಇಳಿಸಕೂಡದು ಎಂಬ ಮೂರು ವಾಕ್ಯಗಳನ್ನು ಕರಾರಿನಲ್ಲಿ ಬರೆಯಲು ಬೊಕ್ಕಸ ಬರಿದಾಗಬೇಕಿಲ್ಲ. ನಮ್ಮ ವಸತಿ ಸಮುಚ್ಚಯಗಳ ಕಾವಲುಗಾರರೂ ಗುಡಿಸುವವರೂ ಏಜೆನ್ಸಿಗಳ ಮೂಲಕವೇ ಬಂದವರು. ನಮ್ಮ ಸದಸ್ಯರಲ್ಲಿ ಹಲವರು ಆ ಸಮುಚ್ಚಯಗಳ ಆಡಳಿತ ಸಮಿತಿಗಳಲ್ಲಿದ್ದಾರೆ. ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ ಆ ಮೂರು ವಾಕ್ಯಗಳು ಅದರಲ್ಲಿವೆಯೇ ಎಂದು ಅವರು ನೋಡಲಿ.