ಕಾಯಿಲೆಗೆ ಮೊದಲೇ ಓದಬೇಕಾದ ಕಾಗದ

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಎಂದು ಹೇಳಿ ಹೋಗುತ್ತಾರೆ. ರೋಗಿ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೂ ಮನೆಯವರೊಬ್ಬರು ಬಿಲ್ಲಿಂಗಿಗೂ ಇನ್ಶೂರೆನ್ಸ್ ಕೌಂಟರಿಗೂ ಅಲೆಯುತ್ತಿರುತ್ತಾರೆ. ‘ಅಪ್ರೂವಲ್ ಬಂದಿಲ್ಲ ಸಾರ್’, ‘ಕಂಪನಿಯವರು ಕ್ವೆರಿ ಹಾಕಿದ್ದಾರೆ’, ‘ಊಟ ಮುಗಿಸ್ಕೊಂಡು ಬನ್ನಿ’. ಹೆಚ್ಚಿನವರು ತಮ್ಮ ಪಾಲಿಸಿಯನ್ನು ಮೊದಲ ಸಲ ಬಿಡಿಸಿ ನೋಡುವುದೇ ಆ ಕೌಂಟರಿನ ಮುಂದಿನ ಕುರ್ಚಿಯಲ್ಲಿ ಕುಳಿತು. ಯುದ್ಧಕಾಲೇ ಶಸ್ತ್ರಾಭ್ಯಾಸ!

ಆ ಕುರ್ಚಿಯಲ್ಲಿ ಕುಳಿತವರಿಗೆ ತಿಳಿದಿರಬೇಕಾದ ಸಂಗತಿಯೊಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ ಉತ್ತರಿಸಬೇಕು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅದಕ್ಕೂ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ಭರಿಸಬೇಕಾದದ್ದು ಕಂಪನಿಯೇ. ಈ ಮಾತನ್ನು ಕೌಂಟರಿನಲ್ಲಿ ಸಮಾಧಾನದಿಂದ ಒಮ್ಮೆ ಹೇಳಿ ನೋಡಿ, ಫೋನುಗಳು ಸ್ವಲ್ಪ ಬೇಗ ಓಡಾಡುತ್ತವೆ.

ಆದರೆ ಕ್ಲೇಮಿನ ಹಣೆಬರಹವನ್ನು ಬರೆಯುವುದು ಅರ್ಜಿ ತುಂಬುವ ದಿನ. ನಮ್ಮಲ್ಲಿ ಪಾಲಿಸಿ ಮಾಡಿಸುವವರು ಸಾಮಾನ್ಯವಾಗಿ ಪರಿಚಯದವರೇ. ‘ಬೀಪಿ, ಶುಗರ್ ಎಲ್ಲ ಬರೆಯೋದು ಬೇಡ, ಪ್ರೀಮಿಯಂ ಜಾಸ್ತಿ ಆಗತ್ತೆ’ ಎಂದು ನಮ್ಮ ಒಳ್ಳೆಯದಕ್ಕೇ ಹೇಳುವಂತೆ ಹೇಳುತ್ತಾರೆ. ಎಲ್ಲ ಪ್ರಶ್ನೆಗಳ ಮುಂದೆಯೂ ‘ಇಲ್ಲ’ ಎಂದು ಬೀಳುತ್ತದೆ. ಅವರು ಬೆರಳಿಟ್ಟು ತೋರಿಸಿದ ಕಡೆ ನಾವು ಸಹಿ ಹಾಕುತ್ತೇವೆ. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಇರುವೆಯಷ್ಟಿರುತ್ತದೆ. ಮನೆಯ ಹಿರಿಯರ ಮುಂದೆ ಕಾಯಿಲೆಯ ಪಟ್ಟಿ ತೆಗೆದರೆ ‘ಬಿಡ್ತು ಅನ್ನು’ ಎಂಬ ಗದರಿಕೆ ಬೇರೆ.

ಕೆಲವು ವರ್ಷದ ಮೇಲೆ ಆ ಹಿರಿಯರನ್ನೇ ಕ್ಯಾಶುವಾಲ್ಟಿಗೆ ಕರೆತರುವ ಸಂದರ್ಭ ಬರಬಹುದು, ಎರಡನೇ ವರ್ಷದಲ್ಲೇ ಬರಬಹುದು. ಡ್ಯೂಟಿ ಡಾಕ್ಟರು ‘ಶುಗರ್ ಯಾವಾಗಿನಿಂದ ಇದೆ?’ ಎಂದು ಕೇಳುತ್ತಾರೆ. ಗಾಬರಿಯಲ್ಲಿದ್ದ ಸೊಸೆ ‘ಒಂದು ಹತ್ತು ವರ್ಷದಿಂದ ಇರಬೇಕು’ ಎನ್ನುತ್ತಾಳೆ. ನಿಜದಲ್ಲಿ ನಾಲ್ಕೇ ವರ್ಷವಾಗಿದ್ದರೂ ಕೇಸ್ ಶೀಟಿನಲ್ಲಿ ಹತ್ತು ಎಂದು ದಾಖಲಾಗುತ್ತದೆ. ಕಂಪನಿಯವರು ಮೊದಲು ಹುಡುಕುವುದು ಆ ಸಾಲನ್ನೇ. ಅರ್ಜಿಯಲ್ಲಿ ಬಚ್ಚಿಟ್ಟದ್ದು ಅಲ್ಲಿ ಹೊರಗೆ ಬೀಳುತ್ತದೆ, ಬಚ್ಚಿಡದಿದ್ದವರೂ ಒಂದು ಅಂದಾಜಿನ ಮಾತಿನಿಂದ ಸಿಕ್ಕಿಬೀಳುತ್ತಾರೆ. ಹಾಗೆ ತಪ್ಪು ದಾಖಲಾದರೆ ಡಿಸ್ಚಾರ್ಜಿಗೆ ಮೊದಲೇ ಹಳೆಯ ಚೀಟಿ ತೋರಿಸಿ, ಚಿಕಿತ್ಸೆ ಕೊಟ್ಟ ವೈದ್ಯರಿಂದ ಲಿಖಿತವಾಗಿ ಸರಿಪಡಿಸಿಕೊಳ್ಳಬೇಕು.

ಇದ್ದುದನ್ನು ಇದ್ದಂತೆ ಬರೆದವರಿಗೆ ಈಗಿನ ನಿಯಮಗಳಲ್ಲಿ ರಕ್ಷಣೆ ಹೆಚ್ಚಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿ 4 ವರ್ಷವಿದ್ದದ್ದು 2024ರಿಂದ 3 ವರ್ಷಕ್ಕೆ ಇಳಿದಿದೆ. ಸತತ 5 ವರ್ಷ ಪಾಲಿಸಿ ನಡೆಸಿಕೊಂಡು ಬಂದ ಮೇಲೆ ‘ಅದನ್ನು ಹೇಳಿರಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ, ವಂಚನೆ ಸಾಬೀತಾದರೆ ಮಾತು ಬೇರೆ. ಹಾಗೆಂದು ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದು ಲೆಕ್ಕ ಹಾಕುವುದು ಜಾಣತನವಲ್ಲ. ಎದೆನೋವು ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಇನ್ನೊಂದು ಪೆಟ್ಟು ಕೊಠಡಿ ಬಾಡಿಗೆಯದು. ಅನೇಕ ಹಳೆಯ ಪಾಲಿಸಿಗಳಲ್ಲಿ ದಿನದ ಬಾಡಿಗೆಗೆ ವಿಮಾ ಮೊತ್ತದ ಶೇ 1ರ ಮಿತಿ ಇರುತ್ತದೆ. 3 ಲಕ್ಷದ ಪಾಲಿಸಿಗೆ 3,000 ರೂಪಾಯಿ. ‘ಸೆಮಿ ಪ್ರೈವೇಟ್ ಖಾಲಿ ಇಲ್ಲ’ ಎಂದಾಗ ನಾವು 6,000ದ ಕೊಠಡಿಗೆ ಒಪ್ಪುತ್ತೇವೆ. ಬಾಡಿಗೆಯ ವ್ಯತ್ಯಾಸ ಕೈಯಿಂದ ಕೊಟ್ಟರಾಯಿತು ಎಂದುಕೊಳ್ಳುತ್ತೇವೆ. ಆದರೆ ಕಂಪನಿ ಅದೇ ಪ್ರಮಾಣದಲ್ಲಿ ಸರ್ಜನ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಅರ್ಧಕ್ಕೆ ಇಳಿಸಬಹುದು. ಇವು 80,000 ಆಗಿದ್ದರೆ 40,000 ನಮ್ಮ ತಲೆಗೆ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಮಾತ್ರ ಹೀಗೆ ಕತ್ತರಿ ಹಾಕುವಂತಿಲ್ಲ. ಅಡ್ಮಿಟ್ ಆಗುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಏಸಿ ಇದೆಯಾ’ ಅಲ್ಲ, ‘ನನ್ನ ಪಾಲಿಸಿಗೆ ಯಾವ ರೂಮು ಸಲ್ಲುತ್ತದೆ’ ಎಂಬುದು.

ಆಫೀಸಿನ ಇನ್ಶೂರೆನ್ಸ್ ಇದೆಯಲ್ಲ ಎಂದು ನಿಶ್ಚಿಂತರಾದವರು ಬೆಂಗಳೂರಿನಲ್ಲಿ ಬಹಳ. ಕೆಲಸ ಹೋದರೆ ಅದೂ ಹೋಗುತ್ತದೆ, ಸಾಮಾನ್ಯವಾಗಿ ಕೆಲಸ ಹೋಗುವುದು ತಂದೆತಾಯಿಗೆ ವಯಸ್ಸಾಗುತ್ತಿರುವ ಕಾಲದಲ್ಲಿ. ಸ್ವಂತದ್ದೊಂದು ಪಾಲಿಸಿ ಆರೋಗ್ಯ ಚೆನ್ನಾಗಿರುವಾಗಲೇ ಇರಲಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ಹೋಗಿದೆ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕು.

ಖಾಸಗಿ ಪಾಲಿಸಿಯ ಶಕ್ತಿ ಎಲ್ಲರಿಗೂ ಇಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಕಾರ್ಡು ಜೇಬಿನಲ್ಲಿದ್ದೂ ನೇರ ಖಾಸಗಿ ಆಸ್ಪತ್ರೆಗೆ ಹೋಗಿ, ಆಮೇಲೆ ಸಾಲ ಮಾಡುವವರು ಎಡವುವುದು ಇಲ್ಲೇ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ. ಅದಕ್ಕೆ ಹೆಸರು ನೋಂದಾಯಿಸುವ ಅವಧಿ ಕಾಯಿಲೆ ಬಂದಾಗ ತೆರೆದಿರುವುದಿಲ್ಲ.

ಕ್ಲೇಮು ತಿರಸ್ಕಾರವಾದರೆ ಬೈದುಕೊಂಡು ಸುಮ್ಮನಾಗಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದರು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ಪರಿಹಾರದ ಆದೇಶ ಕೊಡುವ ಅಧಿಕಾರ ಅಲ್ಲಿದೆ, ವಕೀಲರೂ ಬೇಡ, ಶುಲ್ಕವೂ ಇಲ್ಲ.

ಗ್ಯಾಸ್ ಟ್ಯೂಬಿನ ಮೇಲೆ ಅಚ್ಚಾದ ವರ್ಷ, ಬ್ಯಾಂಕ್ ಖಾತೆಯ ನಾಮಿನಿ, ಸ್ಕೂಟರಿನ ಎಮಿಷನ್ ಸರ್ಟಿಫಿಕೇಟು, ಇಂಥವನ್ನೆಲ್ಲ ನಾವು ‘ಆಮೇಲೆ ನೋಡೋಣ’ ಎಂದು ಬದಿಗಿಡುತ್ತೇವೆ. ಪಾಲಿಸಿಯೂ ಅದೇ ರಾಶಿಯಲ್ಲಿದೆ, ಅದು ಎಲ್ಲಿದೆ ಎಂಬುದು ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಸ್ಟ್ರೆಚರಿನ ಮೇಲೆ ಮಲಗಿರುವವರು ಅವರೇ ಆದರೆ ಹೇಳುವವರು ಯಾರು?

ಪ್ರತಿ ಪಾಲಿಸಿಯ ಜೊತೆ ಅದರ ಸಾರಾಂಶವಿರುವ ಗ್ರಾಹಕ ಮಾಹಿತಿ ಪತ್ರ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಜಾರಿಯಲ್ಲಿದೆ. ಸ್ಥಳೀಯ ಭಾಷೆಯಲ್ಲಿ ಬೇಕೆಂದು ಕೇಳಿದರೆ ಕಂಪನಿ ಕೊಡಬೇಕು. ನಾವು ಕೇಳದಿರುವುದರಿಂದ ಅವರು ಕೊಡುತ್ತಿಲ್ಲ. ಈ ಸಲ ನವೀಕರಣದ ಮೆಸೇಜು ಬಂದಾಗ ದುಡ್ಡು ಕಟ್ಟುವ ಮೊದಲು ಆ ಪತ್ರವನ್ನು ಕನ್ನಡದಲ್ಲಿ ಕಳಿಸಿ ಎಂದು ಕೇಳಿ. ಬಂದ ಮೇಲೆ ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ.